ಕಪಾಟಿನ ಮೇಲಿನ ಖಾಲಿ ಪೆಟ್ಟಿಗೆಗಳು

ನಮ್ಮ ಮಲಗುವ ಕೋಣೆಯಲ್ಲಿ ಕಪಾಟಿನ ನೆತ್ತಿಗೂ ಸೀಲಿಂಗಿಗೂ ನಡುವೆ ಇರುವ ಎರಡೂವರೆ ಅಡಿ ಜಾಗದಲ್ಲಿ ವರ್ಷಗಟ್ಟಲೆ ಖಾಲಿ ಪೆಟ್ಟಿಗೆಗಳು ಸಂಸಾರ ಹೂಡಿದ್ದವು. ಮಿಕ್ಸಿಯದೊಂದು, ಓವನ್ನಿನದೊಂದು, ಮಗ ಹುಟ್ಟಿದಾಗ ಕೊಂಡ ತಳ್ಳುಗಾಡಿಯದೊಂದು, ಎಲ್ಲಕ್ಕೂ ಹಿಂದೆ ಗೋಡೆಗೊರಗಿಕೊಂಡು ಮನೆಯ ಹಿರಿಯನ ಹಾಗೆ ಮೂವತ್ತೆರಡು ಇಂಚಿನ ಟಿವಿಯದು. ವಾಷಿಂಗ್ ಮಷೀನಿನ ಪೆಟ್ಟಿಗೆ ಮಾತ್ರ ಮೇಲೆ ಹಿಡಿಸದೆ, ಮಡಚಿಸಿಕೊಂಡು ಕಪಾಟಿನ ಹಿಂದೆ ಉಸಿರು ಬಿಗಿಹಿಡಿದು ನಿಂತಿತ್ತು. ಗೆಳೆಯರೇ, ದೋಹಾದಲ್ಲಿ ನಮ್ಮ ಕರಾವಳಿಯವರ ಯಾವ ಮನೆಗೆ ಹೋದರೂ ಚಹಾ ಬರುವಷ್ಟರಲ್ಲಿ ಒಮ್ಮೆ ಕತ್ತೆತ್ತಿ ನೋಡಿ, ಇವುಗಳ ನೆಂಟರಿಷ್ಟರು ಅಲ್ಲಿಯೂ ಕುಳಿತಿರುತ್ತಾರೆ. ಥರ್ಮೋಕೋಲ್ ಸಮೇತ, ಪ್ಲಾಸ್ಟಿಕ್ ಚೀಲ ಸಮೇತ, ಯಾರೂ ಓದದ ಹದಿನಾರು ಭಾಷೆಗಳ ಸೂಚನಾಪತ್ರ ಸಮೇತ.

ಕಾರಣ ಸರಳ. ಒಂದು ದಿನ ವೀಸಾ ರದ್ದು ಮಾಡಿಸಿಕೊಂಡು ಊರಿಗೆ ಹೋಗುತ್ತೇವಲ್ಲ, ಆಗ ಪ್ರತಿಯೊಂದು ಸಾಮಾನೂ ತಾನು ಬಂದ ಪೆಟ್ಟಿಗೆಯಲ್ಲೇ ಕುಳಿತು ಹಡಗು ಹತ್ತಬೇಕು. ಬೇರೆ ಪೆಟ್ಟಿಗೆಯಲ್ಲಿ ಹಾಕಿದರೆ ಅಲ್ಲಾಡುತ್ತದೆ, ಗೀರು ಬೀಳುತ್ತದೆ, ಒಡೆಯುತ್ತದೆ. ಇದನ್ನು ನನಗೆ ಯಾರೂ ಕೂತು ಹೇಳಿಕೊಟ್ಟದ್ದಲ್ಲ. ನಾನು ಬಂದ ಹೊಸತರಲ್ಲಿ ನಾಲ್ವರು ಹಂಚಿಕೊಂಡಿದ್ದ ಕೋಣೆಯಲ್ಲಿ ಹೊಸ ಇಸ್ತ್ರಿ ಪೆಟ್ಟಿಗೆಯೊಂದನ್ನು ಹೊರತೆಗೆದು ಅದು ಬಂದಿದ್ದ ರಟ್ಟನ್ನು ಕಸಕ್ಕೆ ಹಾಕಲು ಹೊರಟಾಗ, ಉಳಿದ ಮೂವರೂ ನಾನು ಅನ್ನ ಚೆಲ್ಲುತ್ತಿದ್ದೇನೋ ಎಂಬಂತೆ ನೋಡಿದರು. ಅಂದಿನಿಂದ ಇಂದಿನವರೆಗೆ ಒಂದು ಪೆಟ್ಟಿಗೆಯನ್ನೂ ನಾನು ಎಸೆದವನಲ್ಲ.

ನಾನು ಬಂದದ್ದು ಎರಡು ವರ್ಷಕ್ಕೆಂದು. ಎರಡು ಮುಗಿದಾಗ ಇನ್ನೆರಡು ಎಂದೆ, ಆಮೇಲೆ ಎಣಿಸುವುದನ್ನು ಬಿಟ್ಟು ಹೊರಡುವ ಯೋಚನೆಯನ್ನಷ್ಟೇ ಇಟ್ಟುಕೊಂಡೆ. ಕಾಂಟ್ರಾಕ್ಟ್ ನವೀಕರಣದ ತಿಂಗಳು ಬಂತೆಂದರೆ ಕುಳಿತಲ್ಲಿ ಕೂರಲಾರೆ, ಊಟದ ತಟ್ಟೆಯ ಮುಂದೆ ಕೂತರೂ ಒಂದು ಕಾಲು ಮೇಜಿನಡಿಯಲ್ಲಿ ಕುಣಿಯುತ್ತಲೇ ಇರುತ್ತದೆ. ಗೋಡೆಗೆ ಒಂದು ಮೊಳೆಯನ್ನೂ ಹೊಡೆದವನಲ್ಲ. ನಮ್ಮ ಮದುವೆಯ ಫೋಟೋ ಇಂದಿಗೂ ಸೋಫಾದ ಹಿಂದೆ ನೆಲದ ಮೇಲೆ, ಯಾರೋ ಬಸ್ಸಿಗೆ ಕಾಯುವವರಂತೆ ಗೋಡೆಗೊರಗಿ ನಿಂತಿದೆ. ಹೀಗೆ ಒಳಗೊಳಗೇ ಚಡಪಡಿಸುವ ಮನುಷ್ಯನಿಗೆ ಆ ಪೆಟ್ಟಿಗೆಗಳು ಒಂದು ಬಗೆಯ ಸಮಾಧಾನ ಕೊಡುತ್ತಿದ್ದವು ಎಂದರೆ ನೀವು ನಗುತ್ತೀರಿ. ಹಾಸಿಗೆಯಲ್ಲಿ ಮಲಗಿ ಅವುಗಳನ್ನು ನೋಡಿದಾಗ, ಎಲ್ಲ ತಯಾರಿದೆ, ಹೊರಡುವುದೊಂದೇ ಬಾಕಿ ಅನ್ನಿಸುತ್ತಿತ್ತು.

ಆದರೆ ಈ ನಡುವೆ ಮನೆಯಲ್ಲಿ ಇಬ್ಬರು ಮಕ್ಕಳು ಬೆಳೆಯುತ್ತಿದ್ದರು. ತನ್ವಿಗೆ ಎಂಟು, ಅವಳ ತಮ್ಮ ಅಚ್ಚುವಿಗೆ ನಾಲ್ಕು. ನನ್ನ ಮನೆಮಾತು ತುಳು, ಹೆಂಡತಿ ವಿದ್ಯಾಳದು ಕೊಂಕಣಿ. ಇಬ್ಬರೂ ಸೋಲದೆ ಗೆಲ್ಲದೆ ಕನ್ನಡದಲ್ಲಿ ರಾಜಿಯಾದ ಕಾರಣ ಮಕ್ಕಳ ಬಾಯಲ್ಲಿ ಶಾಲೆಯ ಇಂಗ್ಲಿಷಿನ ಜೊತೆಗೆ ಕಾರ್ಕಳದ ಕನ್ನಡವೂ ಉಳಿದುಕೊಂಡಿದೆ. ಅಲ್ ಮನ್ಸೂರಾದ ನಾಲ್ಕನೇ ಮಹಡಿಯ ಫ್ಲಾಟಿನಲ್ಲಿ ಮಕ್ಕಳನ್ನು ಬೆಳೆಸುವುದೆಂದರೆ ವರ್ಷದ ಐದು ತಿಂಗಳು ಅವರನ್ನು ಬಿಸಿಲಿನಿಂದ ಬಚ್ಚಿಡುವುದು ಎಂದರ್ಥ. ಮೇ ತಿಂಗಳು ಬಂತೆಂದರೆ ಪಾರ್ಕಿನ ಜಾರುಬಂಡಿ ಮುಟ್ಟಲಾಗದಷ್ಟು ಕಾಯುತ್ತದೆ, ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಎದುರು ಕಟ್ಟಡದ ಎಸಿಗಳ ಗುಂಯ್‌ಗುಡುವಿಕೆ. ಅಚ್ಚು ಸೋಫಾದಿಂದ ಹಾರಿದರೆ ಕೆಳಗಿನ ಮನೆಯವರು ಸೀಲಿಂಗಿಗೆ ಕೋಲಿನಿಂದ ಕುಟ್ಟುತ್ತಾರೆ. ಅವನು ಅದನ್ನು ಹೊಗಳಿಕೆಯೆಂದು ತಿಳಿದು ಇನ್ನೊಮ್ಮೆ ಹಾರುತ್ತಾನೆ.

ಇಂಥ ಮನೆಯಲ್ಲಿ ಮಕ್ಕಳು ಏನಾದರೊಂದು ಹವ್ಯಾಸ ಕೇಳುವುದು ಸಹಜ ತಾನೆ? ತನ್ವಿ ಸೈಕಲ್ ಕೇಳಿದಳು. ಊರಿಗೆ ಹೋದ ಮೇಲೆ ಎಂದೆ. ಬೆಕ್ಕಿನ ಮರಿ ಕೇಳಿದಳು, ಅದಕ್ಕೂ ಅದೇ ಉತ್ತರ. ಕೀಬೋರ್ಡ್ ಕಲಿಯುತ್ತೇನೆಂದಾಗ, ಒಮ್ಮೆ ಶುರುಮಾಡಿದರೆ ಅರ್ಧಕ್ಕೆ ಬಿಡಬಾರದು ಮಗಾ, ಊರಿಗೆ ಹೋದ ಮೇಲೆ ಒಳ್ಳೆಯ ಮಾಸ್ತರರ ಹತ್ತಿರ ಸೇರಿಸುತ್ತೇನೆ ಎಂದು ಬಹಳ ಜವಾಬ್ದಾರಿಯ ಧ್ವನಿಯಲ್ಲಿ ಹೇಳಿದ್ದು ನೆನಪಿದೆ. ಸುಳ್ಳು ಹೇಳುತ್ತಿದ್ದೇನೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಅವಳು ಹಟ ಮಾಡುವ ಜಾತಿಯಲ್ಲ, ಆದ್ದರಿಂದ ಯಾರನ್ನೂ ಕೇಳಬೇಕಾಗಿಲ್ಲದ ಒಂದು ಹವ್ಯಾಸವನ್ನು ತಾನೇ ಹುಡುಕಿಕೊಂಡಳು. ರಟ್ಟಿನಿಂದ ಮನೆ ಕಟ್ಟತೊಡಗಿದಳು.

ಮೊದಲು ಟೂತ್‌ಪೇಸ್ಟಿನ ಡಬ್ಬಿ, ಆಮೇಲೆ ಕಾರ್ನ್‌ಫ್ಲೇಕ್ಸಿನದು. ಕೆಲವೇ ತಿಂಗಳಲ್ಲಿ ನಮ್ಮ ಹಾಲಿನ ಮೂಲೆಯಲ್ಲಿ ಅರ್ಧ ಮನ್ಸೂರಾ ಎದ್ದು ನಿಂತಿತು. ಬೂದು ಕಾಗದದ ಮೆಟ್ರೋ, ಕರಕ್ ಚಹಾದ ಕೆಫೆಟೇರಿಯಾ, ಅದರ ಮುಂದೆ ಎರಡನೇ ಸಾಲಿನಲ್ಲಿ ನಿಲ್ಲಿಸಿ ಚಹಾ ತರಿಸಲು ಹಾರನ್ ಹೊಡೆಯುವ ಕಾರು. ನಾನು ಹೊಟ್ಟೆಪಾಡಿಗೆ ನಕ್ಷೆ ಬಿಡಿಸುವವನು, ದೊಡ್ಡ ಕಟ್ಟಡಗಳ ಎಸಿ ಕೊಳವೆಗಳು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಹಗಲಿಡೀ ಗೆರೆ ಎಳೆಯುತ್ತೇನೆ. ಅಳತೆಯ ವಿಷಯದಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ. ಹುಡುಗಿಯ ಕಿಟಕಿಗೂ ಬಾಗಿಲಿಗೂ ಅಳತೆ ಕೂಡುತ್ತಿತ್ತು. ಎಸಿಯಿಂದ ನೀರು ಸೋರಿ ಗೋಡೆಯ ಮೇಲೆ ಬಿದ್ದ ತುಕ್ಕಿನ ಕಲೆಯನ್ನೂ ಅವಳು ಬಿಟ್ಟಿರಲಿಲ್ಲ. ಪಕ್ಕದ ಬಡಾವಣೆ ನಜ್ಮಾದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಯೂಸುಫ್ ಕಾಕ, ನಮ್ಮೂರ ಕಡೆಯ ಬ್ಯಾರಿಗಳು, ಮೂವತ್ತು ವರ್ಷದಿಂದ ಇಲ್ಲಿರುವವರು, ಇವಳಿಗೆಂದೇ ಪರದೆಗಾಗುವ ಬಟ್ಟೆಯ ಚೂರುಗಳನ್ನು ತೆಗೆದಿಡುತ್ತಿದ್ದರು. ಪ್ರತಿಯಾಗಿ ಅವರ ಅಂಗಡಿಯನ್ನೂ ಕಟ್ಟಿಕೊಡುವುದಾಗಿ ಇವಳು ಮಾತು ಕೊಟ್ಟಿದ್ದಳು. ನನಗೆ ಹೆಮ್ಮೆಯೇನೋ ಇತ್ತು, ಆದರೆ ನೋಡಿ ಮುಂದೆ ಹೋಗುವ ಹೆಮ್ಮೆ ಅದು, ಕೂತು ನೋಡುವಷ್ಟು ವ್ಯವಧಾನ ನನಗೆಲ್ಲಿತ್ತು?

ಹೀಗಿರಲು ಒಂದು ಗುರುವಾರ ಎಸಿ ತೊಳೆಯುವವರು ಬರುತ್ತಾರೆಂದು ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸಿ ಹಾಲಿನಲ್ಲಿ ಸಾಲಾಗಿ ಇಟ್ಟಿದ್ದೆ. ಮರುದಿನ ಶುಕ್ರವಾರ, ಇಲ್ಲಿ ವಾರದ ರಜೆ, ಬೆಳಿಗ್ಗೆ ಮೀನು ತರಲು ಹೋಗಿ ಬಂದೆ. ಬಾಗಿಲು ತೆರೆದರೆ ಟಿವಿಯ ಪೆಟ್ಟಿಗೆ ನೆಟ್ಟಗೆ ನಿಂತಿದೆ, ಅದರ ಮುಖದ ತುಂಬ ಚೌಕ ಚೌಕ ತೂತು. ತನ್ವಿ ನೆಲದ ಮೇಲೆ ಕೂತು, ನಾಲಿಗೆಯ ತುದಿ ಹೊರಹಾಕಿಕೊಂಡು, ಮೊದಲೇ ಮಾಡಿಟ್ಟುಕೊಂಡಿದ್ದ ಏನೇನನ್ನೋ ಒಳಗೆ ಅಂಟಿಸುತ್ತಿದ್ದಾಳೆ. ಅಚ್ಚು ಗೋಂದಿನ ಬಾಟಲಿ ಹಿಡಿದು ಸಹಾಯಕ ಎಂಜಿನಿಯರನಾಗಿದ್ದಾನೆ.

ನನ್ನ ಪಿತ್ತ ನೆತ್ತಿಗೇರಿತು. ಕೈ ಎತ್ತಲಿಲ್ಲ, ಅದೊಂದು ಪುಣ್ಯ. ಆದರೆ ಅವಳ ಕೈಯಿಂದ ಕತ್ತರಿ ಕಿತ್ತುಕೊಂಡೆ, ಮೀನಿನ ಚೀಲ ಎಲ್ಲಿ ಬಿತ್ತೋ ತಿಳಿಯದು, ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಬಹಳಷ್ಟು ಮರೆತಿದೆ. ಮರೆಯಲಾಗದ್ದು ಕೊನೆಯ ಮಾತು. "ಇಲ್ಲಿ ಮನೆ ಕಟ್ಟಿ ಎಂತ ಮಾಡ್ತೀ? ನಾವು ಇಲ್ಲಿ ಇರ್ಲಿಕ್ಕೆ ಬಂದವರಲ್ಲ, ಗೊತ್ತುಂಟಾ?"

ಅವಳು ಅಳಲಿಲ್ಲ. ಅಚ್ಚುವಿನ ಕೈಯಿಂದ ಗೋಂದಿನ ಬಾಟಲಿ ತೆಗೆದುಕೊಂಡು ಮುಚ್ಚಳ ಹಾಕಿದಳು, ಅಷ್ಟೆ. ನಾನು ಗಮ್ ಟೇಪ್ ತಂದು, ಕಿಟಕಿಯಿಂದ ಕಿಟಕಿಗೆ ಪಟ್ಟಿ ಎಳೆದು, ಆ ಪೆಟ್ಟಿಗೆಯನ್ನು ಮತ್ತೆ ಪೆಟ್ಟಿಗೆಯನ್ನಾಗಿಸುವ ಕೆಲಸಕ್ಕೆ ಕೂತೆ. ಒಳಗೆ ಅವಳು ಅಂಟಿಸಿದ್ದೇನೆಂದು ಇಣುಕಿಯೂ ನೋಡಲಿಲ್ಲ. ಗಲಾಟೆ ಕೇಳಿ ವಿದ್ಯಾ ಅಡುಗೆಮನೆಯಿಂದ ಬಂದವಳು ನನ್ನನ್ನೂ ಪೆಟ್ಟಿಗೆಯನ್ನೂ ನೋಡಿದಳು.

"ಅದು ಯಾವ ಟಿವಿದು ಮಾರಾಯ್ರೆ?" ಎಂದು ಕೇಳಿದಳು.

ಯಾವುದು ಎಂದರೆ? ನಮ್ಮ ಟಿವಿಯದು. ಹೇಳಲು ಬಾಯಿ ತೆರೆದಾಗ ನೆನಪಾಯಿತು. ಆ ಟಿವಿಯ ಮುಖಕ್ಕೆ ಅಚ್ಚು ರಿಮೋಟ್ ಎಸೆದು, ಪರದೆ ಒಡೆದು, ಅದನ್ನು ಗುಜರಿಯವನು ಹೊತ್ತುಕೊಂಡು ಹೋಗಿ ಎರಡು ವರ್ಷವಾಗಿತ್ತು. ಈಗಿನದು ಬೇರೆ, ದೊಡ್ಡದು. ಅದರ ಪೆಟ್ಟಿಗೆ ಬಾಲ್ಕನಿಯಲ್ಲಿದೆ. ಇಲ್ಲದ ಟಿವಿಯನ್ನು ಊರಿಗೆ ಕಳಿಸುವ ಪೆಟ್ಟಿಗೆಗಾಗಿ ನಾನು ಇರುವ ಮಗಳ ಮೇಲೆ ಹರಿಹಾಯ್ದಿದ್ದೆ. ವಿದ್ಯಾ ಮೀನಿನ ಚೀಲ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾಚಿಕೆಯಾಯಿತು, ನಿಜ. ಆದರೆ ದೊಡ್ಡವರ ನಾಚಿಕೆ ಒಂದು ವಿಚಿತ್ರ ವಸ್ತು, ಅದು ಕ್ಷಮೆ ಕೇಳುವುದರ ಬದಲು ಸುಮ್ಮನೆ ಟೇಪ್ ಹಚ್ಚುವುದನ್ನು ಮುಂದುವರಿಸುತ್ತದೆ. ಪಟ್ಟಿ ಸುತ್ತಿದ ಆ ಪೆಟ್ಟಿಗೆಯನ್ನು ಕಪಾಟಿನ ಹಿಂದೆ, ವಾಷಿಂಗ್ ಮಷೀನಿನದರ ಪಕ್ಕದಲ್ಲಿ ತುರುಕಿದೆ. ಎರಡು ದಿನದಲ್ಲಿ ಎಲ್ಲ ಸರಿಹೋಗುತ್ತದೆ, ಮಕ್ಕಳಲ್ಲವೇ ಎಂದುಕೊಂಡೆ.

ಸರಿಹೋಗಲಿಲ್ಲ. ತನ್ವಿ ಕತ್ತರಿಯನ್ನೂ ಗೋಂದನ್ನೂ ಅಡುಗೆಮನೆಯ ಡ್ರಾಯರಿಗೆ ಒಪ್ಪಿಸಿಬಂದಳು. ಹಾಲಿನ ಮೂಲೆಯ ಊರು ಎಲ್ಲಿಗೆ ನಿಂತಿತ್ತೋ ಅಲ್ಲಿಗೇ ನಿಂತಿತು. ಶಾಲೆ, ಹೋಮ್‌ವರ್ಕ್, ಊಟ, ಎಲ್ಲ ಹೇಳಿದ ಹಾಗೆ. ಆದರೆ ಬಿಸ್ಕತ್ತಿನ ಪ್ಯಾಕೆಟ್ ಖಾಲಿಯಾದರೆ ಅದನ್ನು ಹಿಡಿದುಕೊಂಡು ನನ್ನ ಮುಂದೆ ಬಂದು ನಿಲ್ಲುತ್ತಿದ್ದಳು: ಇದು ಬೇಕಾ ಪಪ್ಪ, ಬಿಸಾಡ್ಬಹುದಾ? ಟಿಶ್ಯೂ ಮುಗಿದ ಡಬ್ಬಿಗೂ ಅದೇ ಪ್ರಶ್ನೆ, ಅಚ್ಚುವಿನ ಕೆಮ್ಮಿನ ಔಷಧದ ಡಬ್ಬಿಗೂ ಅದೇ. ಕುಹಕವಿಲ್ಲ, ಮುನಿಸಿಲ್ಲ, ಕಚೇರಿಯಲ್ಲಿ ಸಹಿ ಹಾಕಿಸಿಕೊಳ್ಳಲು ಬಂದವರ ವಿನಯ. ಮಗುವಿನ ಕೈಯೊಳಗಿದ್ದ ಒಂದು ಸಂತೋಷವನ್ನು ನಾನೇ ಕೊಂದೆನೇ ಎಂಬ ಭಯ, ಆಫೀಸಿನಲ್ಲಿ ಗೆರೆ ಎಳೆಯುವಾಗಲೂ ಕೈಯನ್ನು ಜಗ್ಗುತ್ತಿತ್ತು. ಮಾಲಿಗೆ ಹೋಗಿ ಬಣ್ಣದ ರಟ್ಟು, ಅಂಟು, ಮಿನುಗು ಎಲ್ಲ ಇರುವ ದೊಡ್ಡದೊಂದು ಕ್ರಾಫ್ಟ್ ಸೆಟ್ ತಂದುಕೊಟ್ಟೆ. ಥ್ಯಾಂಕ್ಯೂ ಪಪ್ಪ ಎಂದು ತೆಗೆದುಕೊಂಡಳು. ಮೇಲಿನ ಪ್ಲಾಸ್ಟಿಕ್ಕನ್ನೂ ಬಿಚ್ಚದೆ ತನ್ನ ಪುಸ್ತಕದ ಶೆಲ್ಫಿನ ನೆತ್ತಿಯ ಮೇಲೆ ಇಟ್ಟಳು.

ಮೂರು ವಾರ ಕಳೆದು ಶಾಲೆಯ ಸ್ಕರ್ಟ್ ಉದ್ದ ಮಾಡಿಸಲು ಅವಳನ್ನು ಯೂಸುಫ್ ಕಾಕನ ಅಂಗಡಿಗೆ ಕರೆದುಕೊಂಡು ಹೋದೆ. ಕಾಕ ಸೊಂಟದಿಂದ ಮೊಣಕಾಲಿಗೆ ಟೇಪ್ ಹಿಡಿದು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ವಿಚಾರಿಸಿದರು: "ನನ್ನ ಅಂಗಡಿ ಎಲ್ಲಿವರೆಗೆ ಬಂತು ಮಗಳೇ?"

"ಊರಿಗೆ ಹೋದ ಮೇಲೆ ಮಾಡ್ತೇನೆ ಕಾಕ," ಎಂದಳು ತನ್ವಿ.

ಅದೇ ಜವಾಬ್ದಾರಿಯ ಧ್ವನಿ. ನನ್ನದೇ ಧ್ವನಿ. ಕಾಕ ಸೂಜಿಗಳನ್ನು ಬಾಯಿಂದ ತೆಗೆದು ನಕ್ಕರು. ಊರಿಗೆ ಹೋದ ಮೇಲೆ ಈ ಅಂಗಡಿ ನಿನಗೆ ಹೇಗೆ ನೆನಪಿರ್ತದೆ, ಕಾಣ್ಲಿಕ್ಕೆ ಇಲ್ಲಿಗೇ ಬರ್ಬೇಕಲ್ಲ ಎಂದು ತಮಾಷೆ ಮಾಡಿದರು. ಅವಳು ನಗಲಿಲ್ಲ, ನನಗೂ ನಗು ಬರಲಿಲ್ಲ. ಕಾಕ ಪುಸ್ತಕ ತೆರೆದು ಅವಳ ಹೆಸರಿನ ಕೆಳಗೆ ಕಳೆದ ವರ್ಷದ ಅಳತೆಯನ್ನು ಹೊಡೆದುಹಾಕಿ ಹೊಸದನ್ನು ಬರೆದರು. ಎರಡೂವರೆ ಇಂಚು ಹೆಚ್ಚಾಗಿತ್ತು.

ಗೆಳೆಯರೇ, ನಜ್ಮಾದಿಂದ ಮನ್ಸೂರಾಕ್ಕೆ ನಡೆದರೂ ಎಷ್ಟು ದೂರ? ಆ ದಿನ ಕಾರಿನಲ್ಲಿ ಕೂತು ಸಿಗ್ನಲಿನಿಂದ ಸಿಗ್ನಲಿಗೆ ತೆವಳುವಾಗ ಆ ದಾರಿ ಮುಗಿಯಲೇ ಇಲ್ಲ. ಹೊರಡುವ ಆತುರದಲ್ಲಿರುವವನು ತಾನೊಬ್ಬನೇ ತುದಿಗಾಲಲ್ಲಿ ನಿಂತಿದ್ದೇನೆ ಎಂದುಕೊಂಡಿರುತ್ತಾನೆ. ಜೊತೆಯಲ್ಲಿ ಎರಡು ಪುಟ್ಟ ಜೀವಗಳನ್ನೂ ಹಾಗೆಯೇ ನಿಲ್ಲಿಸಿಬಿಟ್ಟಿರುವುದು ಅವನಿಗೆ ಗೊತ್ತೇ ಆಗುವುದಿಲ್ಲ. ನನಗೆ ಇದು ಹನ್ನೊಂದು ವರ್ಷದ ತಂಗುದಾಣ. ಅವಳಿಗೋ, ಹುಟ್ಟಿದ ಮೂರನೇ ತಿಂಗಳಿಂದ ಇಲ್ಲಿಯವರೆಗಿನ ಒಟ್ಟು ಆಯುಷ್ಯ. ನಾನು ಊರು ಎನ್ನುವಾಗ ನನ್ನ ಕಣ್ಣ ಮುಂದೆ ಬರುವುದು ಕಾರ್ಕಳದ ಆನೆಕೆರೆಯ ದಂಡೆ. ಅವಳು ಊರು ಕಟ್ಟಲು ಕೂತಾಗ ಅವಳ ಕೈಗೆ ಬಂದದ್ದು ಮೆಟ್ರೋ, ಕೆಫೆಟೇರಿಯಾ, ತುಕ್ಕಿನ ಕಲೆ. ಇದರಲ್ಲಿ ಯಾರದು ಸುಳ್ಳು ಊರು ಎಂದು ಹೇಳುವ ಧೈರ್ಯ ನನಗಿಲ್ಲ.

ಮನೆಗೆ ಬಂದವನು ಕಪಾಟಿನ ಹಿಂದಿನಿಂದ ಆ ಟಿವಿ ಪೆಟ್ಟಿಗೆಯನ್ನು ಎಳೆದೆ. ನಾನೇ ಹಚ್ಚಿದ ಟೇಪನ್ನು ನಾನೇ, ರಟ್ಟು ಹರಿಯದಂತೆ, ಉಗುರಿನಿಂದ ಬಿಡಿಸಿದೆ. ಒಳಗೆ ನಮ್ಮ ಮನೆ ಇತ್ತು. ಥರ್ಮೋಕೋಲಿನ ಸೋಫಾ, ಅದರ ಹಿಂದೆ ನೆಲದ ಮೇಲೆ ಉಗುರಿನಗಲದ ಮದುವೆಯ ಫೋಟೋ. ಅಡುಗೆಮನೆಯಲ್ಲಿ ಕುಕ್ಕರಿಗೆ ಸೀಟಿಯೂ ಇತ್ತು. ಮಲಗುವ ಕೋಣೆಯಲ್ಲಿ ಬೆಂಕಿಪೊಟ್ಟಣದ ಕಪಾಟು. ಆ ಕಪಾಟಿನ ಮೇಲೆ, ಸೀಲಿಂಗಿನವರೆಗೆ, ಅವಳು ಪುಟ್ಟ ಪುಟ್ಟ ಪೆಟ್ಟಿಗೆಗಳನ್ನು ಜೋಡಿಸಿದ್ದಳು.

ಒಂದೊಂದೂ ಕಡಲೆಕಾಳಿನಷ್ಟು. ಒಂದೊಂದರ ಮೇಲೂ ಪೆನ್ನಿನ ತುದಿಯಲ್ಲಿ ಬಿಡಿಸಿದ ಮೇಲ್ಮುಖದ ಬಾಣ, ಗಾಜಿನ ಲೋಟ, ಕೊಡೆ. ಮಳೆ ಅಪರೂಪವಾದ ಈ ನಗರದಲ್ಲಿ ನನ್ನ ಮಕ್ಕಳು ಕೊಡೆಯ ಚಿತ್ರವನ್ನು ಮೊದಲು ನೋಡಿದ್ದೇ ರಟ್ಟಿನ ಪೆಟ್ಟಿಗೆಗಳ ಮೇಲೆ. ನನಗೆ ಅವು ಹೊರಡುವ ಸಾಮಾನು. ಅವಳ ಪಾಲಿಗೆ ಮನೆಯೆಂದ ಮೇಲೆ ಇರಲೇಬೇಕಾದವು, ಬಾಗಿಲು ಕಿಟಕಿಗಳ ಹಾಗೆ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಎಷ್ಟು ಹೊತ್ತಾಗಿತ್ತೋ, ಅಚ್ಚು ಬಂದು ನನ್ನ ತೊಡೆಯ ಮೇಲೆ ಕೂತು, ಪಪ್ಪ ಅಳ್ತಿದ್ದಾರೆ ಎಂದು ಮನೆಗೆಲ್ಲ ಸಾರಿದ.

ಅವನ ಕೂಗಿಗೆ ತನ್ವಿ ಬಂದು ಬಾಗಿಲಲ್ಲಿ ನಿಂತಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಬೇಕಾದ್ದನ್ನು ಹೇಳಿದೆ. ತಪ್ಪು ನನ್ನದು, ಆ ಟಿವಿ ಇಲ್ಲ ಅನ್ನುವುದೇ ನನಗೆ ನೆನಪಿರಲಿಲ್ಲ, ಟಿವಿ ಇದ್ದಿದ್ದರೂ ಹಾಗೆ ಹೇಳಬಾರದಿತ್ತು, ನನ್ನನ್ನು ಕ್ಷಮಿಸು ಎಂದೆ. ಎಂಟು ವರ್ಷದವಳ ಮುಂದೆ ಇಷ್ಟು ಹೇಳಲು ನನಗೆ ಮೂರು ವಾರ ಬೇಕಾಗಿತ್ತು. ಅವಳು ರಟ್ಟಿನ ಕಿಟಕಿಯ ಅಂಚಿನಲ್ಲಿ ಉಳಿದ ಟೇಪಿನ ತುಣುಕೊಂದನ್ನು ಬಿಡಿಸುತ್ತಾ ಕೂತಿದ್ದಳು.

ಆಮೇಲೆ ನಾನು ಸ್ಟೂಲಿನ ಮೇಲೆ ಹತ್ತಿ ಒಂದೊಂದಾಗಿ ಎಲ್ಲವನ್ನೂ ಇಳಿಸಿದೆ. ಮಿಕ್ಸಿಯದು, ಓವನ್ನಿನದು, ತಳ್ಳುಗಾಡಿಯದು. ಬಾಲ್ಕನಿಯಿಂದ ಹೊಸ ಟಿವಿಯದನ್ನೂ ತಂದೆ. ಒಂದನ್ನಾದರೂ ಇಟ್ಟುಕೊಳ್ಳೋಣ ಅನ್ನಿಸಿತು ಎಂದು ಒಪ್ಪಿಕೊಳ್ಳುತ್ತೇನೆ, ಹನ್ನೊಂದು ವರ್ಷದ ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ತನ್ವಿ ಪ್ರತಿಯೊಂದನ್ನೂ ತಟ್ಟಿ, ರಟ್ಟಿನ ದಪ್ಪ ನೋಡಿ, ಇದು ಬೇಕಾ ಪಪ್ಪ ಎಂದು ಕೇಳುತ್ತಿದ್ದಳು, ನಾನು ಬೇಡ ಎನ್ನುತ್ತಿದ್ದೆ. ಊರಿಗೆ ಹೋಗುವಾಗ ಎಂದು ಅನುಮಾನಿಸಿದಳು. ಆಗ ಬೇರೆ ಪೆಟ್ಟಿಗೆ ಸಿಗ್ತದೆ ಎಂದೆ. ಹೇಳಿದ ಮೇಲೆ, ಅದು ಎಷ್ಟು ಸಣ್ಣ ಮಾತಾಗಿತ್ತು ಎಂದು ನನಗೇ ಆಶ್ಚರ್ಯವಾಯಿತು. ಅವಳು ಎದ್ದು ಹೋಗಿ ಡ್ರಾಯರಿನಿಂದ ಕತ್ತರಿ ತಂದಳು.

ಕೊನೆಗೆ ಉಳಿದದ್ದು ವಾಷಿಂಗ್ ಮಷೀನಿನ ಪೆಟ್ಟಿಗೆ. ಮಡಿಕೆ ಬಿಡಿಸಿ ನಿಲ್ಲಿಸಿದರೆ ಅವಳ ಎದೆಯವರೆಗೆ ಬರುತ್ತದೆ, ಎಲ್ಲಕ್ಕಿಂತ ದಪ್ಪ ರಟ್ಟು, ಯಾರಿಗೂ ಆಸೆ ಹುಟ್ಟಿಸುವಂಥದು. ನಾನು ಅದನ್ನೂ ಅವಳ ಕಡೆ ತಳ್ಳಿದೆ. ಅವಳು ಅದರೊಳಗೆ ಇಣುಕಿದಳು, ಟಿವಿ ಪೆಟ್ಟಿಗೆಯ ಮನೆಯನ್ನು ತಿರುಗಿ ನೋಡಿದಳು, ಮತ್ತೆ ಅದರೊಳಗೆ ಇಣುಕಿದಳು.

"ಇದನ್ನು ಕತ್ತರಿಸುವುದು ಬೇಡ ಪಪ್ಪ. ಇದು ಇರ್ಲಿ," ಎಂದಳು. "ಊರಿಗೆ ಹೋಗುವಾಗ ಈ ಮನೆಯನ್ನು ಇದರಲ್ಲಿ ಹಾಕಿ ತೆಗೊಂಡು ಹೋಗ್ಲಿಕ್ಕೆ."

ಹಾಗಾಗಿ ಈಗ ನಮ್ಮ ಮನೆಯಲ್ಲಿ ಖಾಲಿ ಪೆಟ್ಟಿಗೆ ಇರುವುದು ಒಂದೇ, ಕಪಾಟಿನ ಹಿಂದೆ, ಮಡಚಿಕೊಂಡು. ಕಪಾಟಿನ ನೆತ್ತಿ ಬರಿದಾಗಿದೆ; ಮಲಗಿದಲ್ಲಿಂದ ನೋಡಿದರೆ ಗೋಡೆಯ ಮೇಲೆ ಪೆಟ್ಟಿಗೆಗಳಿದ್ದಷ್ಟು ಜಾಗ ಬೆಳ್ಳಗೆ ಉಳಿದಿರುವುದು ಕಾಣುತ್ತದೆ. ನನ್ನ ಚಡಪಡಿಕೆ ಹೋಯಿತೆಂದು ಮಾತ್ರ ತಿಳಿಯಬೇಡಿ. ಕಾಂಟ್ರಾಕ್ಟಿನ ತಿಂಗಳು ಹತ್ತಿರ ಬರುತ್ತಿದೆ, ಮೇಜಿನಡಿಯಲ್ಲಿ ಕಾಲು ಕುಣಿಯತೊಡಗಿದೆ. ಹಾಲಿನಲ್ಲಿ ಕೆಲಸ ಭರದಿಂದ ಸಾಗಿದೆ. ಯೂಸುಫ್ ಕಾಕನ ಅಂಗಡಿಗೆ ಗುಂಡುಸೂಜಿಯ ಡಬ್ಬಿಯೂ ಬಂದಾಯಿತು. ಟಿವಿ ಪೆಟ್ಟಿಗೆಯ ಮನೆಯ ಮೇಲೆ ಕಟ್ಟಿದ ತಾರಸಿಗೆ ನೀರಿನ ಟ್ಯಾಂಕು, ಡಿಶ್ ಆಂಟೆನಾ ಏರಿ, ಅವುಗಳಿಗೂ ಮೇಲೆ, ನಿಜದ ಕಟ್ಟಡದಲ್ಲಿ ಇಲ್ಲದ ಒಂದು ಮಹಡಿ ಏಳುತ್ತಿದೆ. ಅಲ್ಲಿ ಒಂದು ಸೈಕಲ್ ಉಂಟು, ಒಂದು ಬೆಕ್ಕೂ ಉಂಟು.

ನಿನ್ನೆ ಮಕ್ಕಳು ಶಾಲೆಯಲ್ಲಿದ್ದಾಗ ನಾನು ಅಳತೆಯ ಟೇಪ್ ತೆಗೆದುಕೊಂಡು ಎರಡನ್ನೂ ಅಳೆದೆ, ಮನೆಯನ್ನೂ ಪೆಟ್ಟಿಗೆಯನ್ನೂ. ಮನೆ ನಾಲ್ಕು ಇಂಚು ಹೆಚ್ಚಾಗಿದೆ, ಈ ಪೆಟ್ಟಿಗೆಯಲ್ಲಿ ಇನ್ನು ಅದು ಹಿಡಿಸುವುದಿಲ್ಲ. ಅವಳಿಗೆ ಇನ್ನೂ ಹೇಳಿಲ್ಲ.